ಕಪ್ಪೆ ಕಣ್ಣು ಮುಚ್ಚಿ ನುಂಗುವುದು ಯಾಕೆ

ಭೂಮಿ ಆಗಿನ್ನೂ ಹಸಿ ಗಡಿಗೆಯ ಹಾಗಿತ್ತು. ಬೆಂದು ಗಟ್ಟಿಯಾಗಿರಲಿಲ್ಲ. ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಎಲ್ಲಿ ಕೂರಬೇಕು ಅಂತ ಬೆಟ್ಟಗಳು ಇನ್ನೂ ಜಾಗ ನೋಡುತ್ತಿದ್ದವು. ಆಗಿನ ಮಾತು ಇದು, ತಾಯಿ.

ಆಗ ಎಲ್ಲಕ್ಕೂ ಮಾತು ಬರುತ್ತಿತ್ತು. ನೀರಿಗೂ ಬರುತ್ತಿತ್ತು, ಕಲ್ಲಿಗೂ ಬರುತ್ತಿತ್ತು. ಕಲ್ಲು ಕಡಿಮೆ ಆಡುತ್ತಿತ್ತು, ಅಷ್ಟೇ.

ಕಪ್ಪೆಗೂ ಮಾತು ಬರುತ್ತಿತ್ತು. ಕಣ್ಣು ಮುಚ್ಚಲು ಮಾತ್ರ ಬರುತ್ತಿರಲಿಲ್ಲ. ಹಗಲೂ ತೆರೆದೇ. ನಿದ್ದೆಯಲ್ಲೂ ತೆರೆದೇ. ತಿನ್ನುವಾಗಲೂ ತೆರೆದೇ.

ಒಂದು ಕೆರೆ ಇತ್ತು. ಕೆರೆಯ ಕೆಳಗೆ ಒಂದು ಮನೆ. ಅದರಲ್ಲಿ ಮೂಡ್ಲಯ್ಯ ಅಂತ ಒಬ್ಬ, ಅವನ ಹೆಂಡತಿ ಹೊಂಬಾಳಿ. ಮಕ್ಕಳಿರಲಿಲ್ಲ.

ಒಂದು ಬೇಸಿಗೆ ಹೊಂಬಾಳಿ ನೀರಿಗೆ ಹೋದಳು. ಎತ್ತಿನ ಹೆಜ್ಜೆಯ ಗುಳಿಯಲ್ಲಿ ಒಂದಿಷ್ಟು ನೀರು ನಿಂತಿತ್ತು. ಅದೂ ಬತ್ತುತ್ತಿತ್ತು. ಒಳಗೆ ಒಂದು ಗೊದಮೊಟ್ಟೆ, ಬಾಲ ಬಡಿಯುತ್ತಾ ಸುತ್ತುತ್ತಿತ್ತು. ಸುತ್ತಲು ಜಾಗ ಸಾಲುತ್ತಿರಲಿಲ್ಲ.

ಅವತ್ತು ಮನೆಗೆ ಕೊಡದಲ್ಲಿ ನೀರು ಬರಲಿಲ್ಲ. ಅಂಗೈಯಲ್ಲಿ ಬಂತು.

ಒಡೆದ ಗಡಿಗೆಯ ತಳದಲ್ಲಿ ಅದನ್ನು ಬಿಟ್ಟಳು. ಬಾಲ ಹೋಯಿತು. ಕಾಲು ಬಂತು. ಗೊದಮೊಟ್ಟೆ ಕಪ್ಪೆಯಾಯಿತು. ಬಚ್ಚಲ ಪಕ್ಕ, ತಂಪಿನಲ್ಲಿ, ಆ ಗಡಿಗೆಯ ತಳವೇ ಅದರ ಮನೆ. ಸಂಜೆ ಆದರೆ ಹೊಂಬಾಳಿ ಅದರ ಮುಂದೆ ಕೂತು ಮಿಡತೆ ಬಿಡುತ್ತಿದ್ದಳು, ಹುಳ ಬಿಡುತ್ತಿದ್ದಳು. ಕಪ್ಪೆ ಅವಳನ್ನು ಅವ್ವ ಅನ್ನುತ್ತಿತ್ತು. ಮೂಡ್ಲಯ್ಯನನ್ನು ಅಯ್ಯ ಅನ್ನುತ್ತಿತ್ತು.

ಆಮೇಲೆ ಹೊಂಬಾಳಿಗೆ ಜ್ವರ ಬಂತು. ಜ್ವರವೂ ಆಗ ಹೊಸದು. ಅದಕ್ಕೆ ಏನು ಕೊಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಅವಳು ಹೇಳಿದ್ದು ಇಷ್ಟೇ. "ಕಪ್ಪೇನ ಹಸಿಯಕ್ಕೆ ಬಿಡಬೇಡ."

ಮೂಡ್ಲಯ್ಯ ಹೂಂ ಅಂದ.

ಮನೆಯ ಹಿಂದೆ ಹೊಂಗೆ ಮರ. ಅದರ ಆಚೆ ಅವಳನ್ನು ಮಣ್ಣು ಮಾಡಿದರು. ಬಂದವರೆಲ್ಲ ಹಿಡಿ ಹಿಡಿ ಮಣ್ಣು ಹಾಕಿದರು. ಕೈ ತೊಳೆದುಕೊಂಡು ಹೋದರು. ಮೂಡ್ಲಯ್ಯ ಮನೆಗೆ ಬಂದು ಮೊಣಕಾಲಿನ ಮೇಲೆ ತಲೆ ಇಟ್ಟು ಕೂತ.

ಹಾಗೇ ಕೂತಿರುತ್ತಿದ್ದ. ಆದರೆ ಸಂಜೆ ಆಯಿತು. ಬಚ್ಚಲ ಕಡೆಯಿಂದ ಕಪ್ಪೆ ಕರೆಯಿತು.

"ಅಯ್ಯಾ. ಹಸಿವು."

ಹೂಂ ಅಂದಿದ್ದನಲ್ಲ. ಎದ್ದ.

ಹೊಲಕ್ಕೆ ಹೋದ. ಬೇಸಿಗೆ. ಹುಲ್ಲು ಒಣಗಿತ್ತು. ಮಿಡತೆ ಇಲ್ಲ, ಹುಳ ಇಲ್ಲ. ಬರಿಗೈಯಲ್ಲಿ ಬಂದು ರಾಗಿ ಮುದ್ದೆ ಮುರಿದು ಕಪ್ಪೆಯ ಮುಂದೆ ಇಟ್ಟ. ಕಪ್ಪೆ ಅದರ ಕಡೆ ನೋಡಲೇ ಇಲ್ಲ.

ಅಷ್ಟರಲ್ಲಿ ಮೂಡ್ಲಯ್ಯನ ಅಕ್ಕ ಬಂದಳು. ಅವಳ ಹೆಸರು ಲಕ್ಕಕ್ಕ. ಕೆರೆ ಏರಿಯ ಆ ಕಡೆ ಅವಳ ಮನೆ. ಕೈಯಲ್ಲಿ ಸಾರಿನ ಕುಡಿಕೆ ಹಿಡಿದಿದ್ದಳು.

"ಏನೋ ತಮ್ಮ, ಕಪ್ಪೆಗೆ ಮುದ್ದೆ ಇಟ್ಟಿದ್ದೀಯ? ಸಾರು ಯಾವುದು?"

"ಹುರುಳಿ."

"ಅದಕ್ಕೇ ತಿಂದಿಲ್ಲ ಬಿಡು. ಬಸ್ಸಾರು ಮಾಡಬೇಕಿತ್ತು. ನೆಂಟರು ಬಂದಾಗ ಹಂಗೆಲ್ಲ ಮಾಡ್ತಾರಾ?"

ಮೂಡ್ಲಯ್ಯ ನಗಲಿಲ್ಲ. ಲಕ್ಕಕ್ಕನ ನಗೆಯೂ ಅಲ್ಲಿಗೇ ನಿಂತಿತು.

"ನೀನು ಉಂಡೆಯೇನೋ?"

"ಇಲ್ಲ."

"ಕಪ್ಪೆನೂ ಉಂಡಿಲ್ಲ, ನೀನೂ ಉಂಡಿಲ್ಲ. ಒಳ್ಳೆ ಸಂಸಾರ." ಲಕ್ಕಕ್ಕ ಜಗಲಿಯ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದನ್ನ ಕೆರೆಗೆ ಬಿಟ್ಟುಬಿಡು. ಅದರ ಪಾಡು ಅದು ನೋಡಿಕೊಳ್ಳುತ್ತೆ."

"ಕೆರೆಯಲ್ಲಿ ನೀರೆಲ್ಲಿದೆ ಅಕ್ಕ?"

ಲಕ್ಕಕ್ಕ ಸಾರಿನ ಕುಡಿಕೆಯನ್ನು ಅವನ ಕಡೆ ಸರಿಸಿದಳು.

"ಅಕ್ಕ, ಅವಳ ಕೈ ಹೆಂಗಿತ್ತು ಅಂತ ಗೊತ್ತಿರೋ ಜೀವ ಈ ಮನೆಯಲ್ಲಿ ಇದೊಂದೇ" ಅಂದ ಮೂಡ್ಲಯ್ಯ.

ಕಪ್ಪೆ ಹೇಳಿತು, "ಅಯ್ಯಾ, ನೀನು ಇಟ್ಟದ್ದು ಎಲ್ಲಿದೆ? ಅಲ್ಲಾಡದೇ ಇರೋದು ನಂಗೆ ಕಾಣಲ್ಲ."

ಅದು ನಿಜ, ತಾಯಿ. ಕಪ್ಪೆಗೆ ಅಲ್ಲಾಡುವುದೇ ಊಟ. ಅಲ್ಲಾಡದ್ದು ಅದಕ್ಕೆ ಕಲ್ಲು.

ಹೊಂಗೆ ಮರದಲ್ಲಿ ಗಾಳಿ ಕೂತಿತ್ತು. ಎಲ್ಲ ಕೇಳಿಸಿಕೊಂಡು ಹೇಳಿತು. "ಮೂಡ್ಲಯ್ಯ, ಮೇಲೆ ಹುಡುಕಿದರೆ ಸಿಕ್ಕಲ್ಲ. ಕೆಳಗೆ ಹುಡುಕು. ನೆಲದ ಮೇಲೆ ಸಣ್ಣ ಸಣ್ಣ ಮಣ್ಣಿನ ಉಂಡೆ ಗುಡ್ಡೆ ಬಿದ್ದಿರುತ್ತೆ. ಅದರ ಕೆಳಗೆ ಎರೆಹುಳು ಇರುತ್ತೆ. ಮೊಳದುದ್ದ. ಕಿರುಬೆರಳ ದಪ್ಪ."

"ನೀನು ನೋಡಿದ್ದೀಯಾ?"

"ನಾನು ನೆಲದೊಳಗೆ ಹೋಗಲ್ಲಪ್ಪ. ಆ ಗುಡ್ಡೆ ಮಾತ್ರ ನೋಡಿದ್ದೀನಿ. ಎಷ್ಟು ಊದಿದರೂ ಹಾರಲ್ಲ."

ಮೂಡ್ಲಯ್ಯ ಹುಡುಕಿದ. ಹೊಲದಲ್ಲಿ ಇರಲಿಲ್ಲ. ತಿಪ್ಪೆಯ ಬುಡದಲ್ಲಿ ಇರಲಿಲ್ಲ. ಹೊಂಗೆ ಮರದ ನೆರಳಲ್ಲಿ, ಬಚ್ಚಲ ನೀರು ಹರಿದು ಇಂಗುವ ಕಡೆ, ಇತ್ತು. ಉಂಡೆ ಉಂಡೆಯಾಗಿ ಮಣ್ಣಿನ ಗುಡ್ಡೆ.

ಗುದ್ದಲಿ ಎತ್ತಿದ. ಗುದ್ದಲಿ ಬಿದ್ದರೆ ಹುಳು ಎರಡಾಗುತ್ತದೆ ಅಂತ ಹೊಳೆಯಿತು. ಕೆಳಗಿಟ್ಟ. ಕೈಯಲ್ಲೇ ಕೆದಕಿದ. ಆಳದಲ್ಲಿ ತಣ್ಣಗೆ ಒಂದು ಮೈ ಬೆರಳಿಗೆ ತಗುಲಿತು. ಹಿಡಿದು ಎಳೆದ. ಬರಲಿಲ್ಲ. ಮಣ್ಣನ್ನು ಕಚ್ಚಿ ಹಿಡಿದಿತ್ತು.

"ಎಳೀಬೇಡ" ಅಂತ ಒಳಗಿಂದ ದನಿ ಬಂತು. "ಎಳೆದರೆ ಹರಿದು ಹೋಗ್ತೀನಿ. ಸುಮ್ಮನೆ ಹಿಡಿದಿರು. ನಾನೇ ಬರ್ತೀನಿ."

ಮೂಡ್ಲಯ್ಯ ಸುಮ್ಮನೆ ಹಿಡಿದಿದ್ದ. ಸ್ವಲ್ಪ ಹೊತ್ತಿಗೆ ಆ ಮೈ ಸಡಿಲವಾಯಿತು. ಮೆಲ್ಲಗೆ ಮೇಲೆ ಬಂತು. ಮುದಿ ಎರೆಹುಳು. ಆ ನೆಲದ ಹುಳುಗಳಿಗೆಲ್ಲ ಅವಳೇ ತಾಯಿ. ಕಣ್ಣಿರಲಿಲ್ಲ. ಎರೆಹುಳಕ್ಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

"ಯಾತಕ್ಕೆ ಕರೆದೆ?"

ಮೂಡ್ಲಯ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಮ್ಮ ಕಪ್ಪೆಗೆ ಹಸಿವು, ತಾಯಿ. ನಿನ್ನ ಮಕ್ಕಳು ಬೇಕಾಗಿತ್ತು."

ಎರೆಹುಳು ಅವನ ಬೆರಳಿನ ಮೇಲೆ ಮೆಲ್ಲಗೆ ಹರಿದಾಡಿದಳು.

"ನೀನು ಹೊಂಬಾಳಿ ಗಂಡನೋ?"

ಮೂಡ್ಲಯ್ಯ ಅವಳ ಹತ್ತಿರಕ್ಕೆ ಬಗ್ಗಿದ. "ಅವಳು ನಿಂಗೆ ಗೊತ್ತಾ?"

"ನಮ್ಮ ಕಡೆಗೆ ಬಂದಿದ್ದಾಳಲ್ಲ."

"ಹೆಂಗಿದ್ದಾಳೆ?"

"ಮಾತಾಡಲ್ಲ. ಭಾರ ಎಲ್ಲ ಬಿಟ್ಟು ಮಲಗಿದ್ದಾಳೆ. ಮಣ್ಣು ಗಟ್ಟಿಯಾಗಿತ್ತು. ನಾವು ಸಡಿಲ ಮಾಡಿದ್ದೀವಿ."

ಮೂಡ್ಲಯ್ಯ ನೆಲದ ಮೇಲೆ ಕೂತ. ಗಾಳಿಯೂ ಆಗ ಎಲೆ ಅಲ್ಲಾಡಿಸಲಿಲ್ಲ.

ಆಮೇಲೆ ಎರೆಹುಳು ಹೇಳಿದಳು. "ನೀನು ನಿನ್ನವಳನ್ನ ನಮಗೆ ಕೊಟ್ಟಿದ್ದೀಯ. ನಾನು ಕೊಡಲ್ಲ ಅಂದರೆ ಆಗಲ್ಲ. ಆದರೆ ಕೆದಕಿ ಕೆದಕಿ ತಗೋಬೇಡ. ಹಂಗೆ ತಗೊಂಡರೆ ನಾವು ಮುಗಿದು ಹೋಗ್ತೀವಿ. ನಮಗೊಂದು ಮನೆ ಮಾಡು. ನಮ್ಮನ್ನ ಸಾಕು. ನಮ್ಮಲ್ಲಿ ಮೊಟ್ಟೆ ಇಟ್ಟು ಮುಗಿಸಿದ ಮುದುಕರನ್ನ ಮಾತ್ರ ತಗೋ. ಬೆಳೆಯೋರನ್ನ ಮುಟ್ಟಬೇಡ."

"ಮನೆ ಹೆಂಗೆ ಮಾಡಲಿ?"

ಅವಳು ಹೇಳಿಕೊಟ್ಟಳು. ನೆರಳಲ್ಲಿ ಗುಂಡಿ ತೋಡು. ಹಸಿ ಸಗಣಿ ಬೇಡ, ಅದು ಕಾವು ಹಿಡಿಯುತ್ತದೆ. ಹಳೇ ಸಗಣಿ ಹಾಕು. ಕೊಳೆತ ಎಲೆ ಹಾಕು, ಬಾಳೆಯ ದಿಂಡು ಹಾಕು. ನೀರು ಚಿಮುಕಿಸು, ಹುಯ್ಯಬೇಡ. ಮಣ್ಣು ಮುಟ್ಟಿದರೆ ಕೈಗೆ ತಂಪಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಮೇಲೆ ಗೋಣಿ ಮುಚ್ಚು. ಉಪ್ಪು ತರಬೇಡ, ಹುಣಸೆ ತರಬೇಡ, ಮೆಣಸಿನಕಾಯಿ ತರಬೇಡ.

ಬೂದಿಯ ಮಾತು ಅವಳು ಹೇಳಲಿಲ್ಲ. ನೆಲದೊಳಗೆ ಒಲೆ ಇಲ್ಲ. ಬೂದಿ ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ.

ಮೂಡ್ಲಯ್ಯ ಹಾಗೇ ಮಾಡಿದ. ಕಪ್ಪೆಯ ಗಡಿಗೆಯ ಪಕ್ಕದಲ್ಲೇ ಗುಂಡಿ ತೋಡಿದ. ಬೆಳಿಗ್ಗೆ ಎದ್ದು ಗೋಣಿ ಎತ್ತಿ ನೋಡುತ್ತಿದ್ದ. ಸಂಜೆ ಚಿಮುಕಿಸುತ್ತಿದ್ದ. ಎರೆಹುಳುಗಳು ಬಂದವು. ಎಲೆಯ ಕೆಳಗೆ ಸೇರಿಕೊಂಡವು. ದಪ್ಪವಾದವು.

ಮುದಿಯಾದ ಹುಳು ತಾನೇ ಮೇಲಕ್ಕೆ ಬರುತ್ತಿತ್ತು. ಮೂಡ್ಲಯ್ಯ ಅದನ್ನು ನೀರಲ್ಲಿ ಅದ್ದಿ ಕಪ್ಪೆಯ ಮುಂದೆ ಬಿಡುತ್ತಿದ್ದ. ಹುಳು ಅಲ್ಲಾಡುತ್ತಿತ್ತು. ಕಪ್ಪೆಗೆ ಕಾಣುತ್ತಿತ್ತು. ಗಬಕ್ಕನೆ ಹಿಡಿಯುತ್ತಿತ್ತು, ಕಣ್ಣು ತೆರೆದೇ ನುಂಗುತ್ತಿತ್ತು. ಅದರ ಮೈ ತುಂಬಿಕೊಂಡಿತು. ದನಿಯೂ ಬಂತು.

ಒಂದು ಸಂಜೆ ಕಪ್ಪೆ ತಾನಾಗಿಯೇ ಹೇಳಿತು. "ಅಯ್ಯಾ, ನೀನು ಹೊಲಕ್ಕೆ ಹೋದ ಮೇಲೆ ಅವ್ವ ಒಬ್ಬಳೇ ಮಾತಾಡೋಳು. ನಂಗೆ ಎಲ್ಲ ನೆನಪಿದೆ."

ಮೂಡ್ಲಯ್ಯ ಚಿಮುಕಿಸುವುದನ್ನು ನಿಲ್ಲಿಸಿದ. "ಏನಂತಿದ್ದಳು?"

"ಒಂದು ದಿವಸ ಹೇಳಿದಳು, ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ನಮ್ಮೋರು ಒಂದು ಮಾತು ಅನ್ನದೆ ಉಂಡು ಹೋದರು ಅಂತ."

ಮೂಡ್ಲಯ್ಯ ಗೋಡೆಗೆ ಒರಗಿದ. ಉಪ್ಪು ಜಾಸ್ತಿಯಾದದ್ದು ಅವನಿಗೆ ನೆನಪಿತ್ತು. ಅವಳಿಗೆ ಗೊತ್ತಾಗಿತ್ತು ಅನ್ನೋದು ಗೊತ್ತಿರಲಿಲ್ಲ.

"ಇನ್ನೂ ಇದೆಯಾ?"

"ಬೇಕಾದಷ್ಟಿದೆ. ಒಂದೊಂದೇ ಹೇಳ್ತೀನಿ."

ಇದನ್ನ ನೆನಪಿಟ್ಟುಕೋ, ತಾಯಿ. ಆ ಕಪ್ಪೆ ಬದುಕಿದರೆ ಹೊಂಬಾಳಿಯ ಮಾತು ಉಳಿಯುತ್ತಿತ್ತು. ಸತ್ತರೆ ಅದೂ ಹೋಗುತ್ತಿತ್ತು.

ಮೂಡ್ಲಯ್ಯ ಹೊಲಕ್ಕೆ ಹೋದಾಗ ಮುದಿ ಎರೆಹುಳು ಗುಂಡಿಯ ಅಂಚಿಗೆ ಬರುತ್ತಿದ್ದಳು. ಕಪ್ಪೆ ಗಡಿಗೆಯ ಅಂಚಿಗೆ ಬರುತ್ತಿತ್ತು. ಇಬ್ಬರೂ ಮಾತಾಡುತ್ತಿದ್ದರು. ಕಪ್ಪೆ ಬೆಳಕು ಹೇಗಿರುತ್ತದೆ ಅಂತ ಹೇಳುತ್ತಿತ್ತು. ಎರೆಹುಳು ಬೇರು ಹೇಗೆ ನಡೆಯುತ್ತದೆ ಅಂತ ಹೇಳುತ್ತಿದ್ದಳು. ಹೊಂಬಾಳಿಯ ತಲೆಯ ಹತ್ತಿರ ಹೊಂಗೆಯ ಬೇರೊಂದು ಬಂದಿದೆ ಅಂತಲೂ ಹೇಳಿದಳು. ಕಪ್ಪೆ ಅವಳನ್ನು ದೊಡ್ಡವ್ವ ಅಂತ ಕರೆಯಿತು.

ಬಿಸಿಲು ಇನ್ನೂ ಏರಿತು. ನೆಲ ಕಾಯಿತು. ಇರುವೆಗಳಿಗೆ ನೆರಳು ಬೇಕಾಯಿತು. ಕೆಂಪಿರುವೆ ಸಾಲುಗಟ್ಟಿ ಗುಂಡಿಯ ಕಡೆ ಬಂದವು.

ಲಕ್ಕಕ್ಕ ನೋಡಿದಳು. "ಅಯ್ಯೋ ತಮ್ಮ, ಸುಮ್ಮನೆ ನೋಡ್ತಾ ನಿಂತಿದ್ದೀಯಲ್ಲ! ಬೂದಿ ಹಾಕು. ಹೊಂಬಾಳಿ ಹುರುಳಿ ಹೆಂಗಿಡುತ್ತಿದ್ದಳು? ಬೂದಿ ಬೆರೆಸಿ ಇಡುತ್ತಿದ್ದಳು. ವರ್ಷವಾದರೂ ಒಂದು ಕಾಳು ಕೆಡುತ್ತಿರಲಿಲ್ಲ."

ನಿಜವೇ. ಆ ಸೀಮೆಯ ಎಲ್ಲ ಮನೆಯಲ್ಲೂ ಹಾಗೇ. ಕಾಳಿಗೂ ಬೂದಿ, ಬಳ್ಳಿಯ ಬುಡಕ್ಕೂ ಬೂದಿ, ಇರುವೆಯ ದಾರಿಗೂ ಬೂದಿ.

ಮೂಡ್ಲಯ್ಯ ಒಳಗೆ ಹೋದ. ಒಲೆಯ ಪಕ್ಕ ಹೊಂಬಾಳಿ ಜರಡಿ ಹಿಡಿದು ಗಡಿಗೆಯಲ್ಲಿ ತುಂಬಿಟ್ಟ ಬೂದಿ ಇತ್ತು. ನುಣ್ಣಗೆ ಹಿಟ್ಟಿನ ಹಾಗಿತ್ತು. ಅವಳ ಕೈಯಿಂದ ಆದದ್ದು ಕೆಡುಕು ಮಾಡಲ್ಲ ಅಂತ ಅಂದುಕೊಂಡ. ಗುಂಡಿಯ ಸುತ್ತ ಹಾಕಿದರೆ ಸಾಕಿತ್ತು. ಅವನು ಕಾಳಿಗೆ ಬೆರೆಸಿದ ಹಾಗೆ ಮಣ್ಣಿಗೇ ಬೆರೆಸಿದ. ಮೇಲೆ ನೀರು ಚಿಮುಕಿಸಿದ. ಗೋಣಿ ಮುಚ್ಚಿ ಹೊಲಕ್ಕೆ ಹೋದ.

ಇರುವೆ ಬರಲಿಲ್ಲ.

ಸಂಜೆ ಬಂದು ಗೋಣಿ ಎತ್ತಿದ. ಎರೆಹುಳುಗಳು ಮಣ್ಣಿನ ಮೇಲೆ ಬಿದ್ದಿದ್ದವು. ಗಂಟು ಗಂಟಾಗಿ ಸುತ್ತಿಕೊಂಡಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ಬೂದಿ ನೀರು ಕುಡಿದು ಅವುಗಳ ಮೈ ಸುಟ್ಟಿತ್ತು.

ಮೂಡ್ಲಯ್ಯ ನೀರು ತಂದ. ಒಂದೊಂದನ್ನೇ ಎತ್ತಿ ನೀರಲ್ಲಿ ತೊಳೆದ. ತೊಳೆದು ಪಕ್ಕಕ್ಕಿಟ್ಟ. ತೊಳೆದು ಪಕ್ಕಕ್ಕಿಟ್ಟ. ತಳದಲ್ಲಿ ಒಬ್ಬಳು ಅಲ್ಲಾಡಿದಳು. ಮುದಿ ಎರೆಹುಳು. ಅವಳ ಒಂದು ಮಗ್ಗುಲು ಬೆಂದಿತ್ತು.

"ಏನು ಹಾಕಿದೆ ಮೂಡ್ಲಯ್ಯ?"

"ಬೂದಿ."

"ಅದೇನದು?"

"ಉರಿದ ಮೇಲೆ ಉಳಿಯೋದು, ತಾಯಿ. ಒಳ್ಳೇದಾಗಲಿ ಅಂತ ಹಾಕಿದೆ."

"ಗೊತ್ತು" ಅಂದಳು. "ಕೆಟ್ಟದ್ದು ಮಾಡೋಕೆ ಬಂದವನ ಕೈ ಹಿಂಗೆ ನಡುಗಲ್ಲ."

ಆ ದಿವಸ ಕಪ್ಪೆಗೆ ಊಟ ಇರಲಿಲ್ಲ. ಮರುದಿವಸವೂ ಇರಲಿಲ್ಲ. ಮೂಡ್ಲಯ್ಯ ಸುತ್ತ ಎಲ್ಲ ಕಡೆ ಕೆದಕಿದ. ನೆಲ ಕಲ್ಲಾಗಿತ್ತು. ಉಳಿದ ಹುಳುಗಳು ಕೈಗೆ ಸಿಗದಷ್ಟು ಆಳಕ್ಕೆ ಹೋಗಿದ್ದವು. ಕಪ್ಪೆಯ ಚರ್ಮ ಮೈಗೆ ಅಂಟಿತು. ದನಿ ಹೋಯಿತು. ಮೂಡ್ಲಯ್ಯ ಹತ್ತಿರ ಕೂತು ಅದರ ಬೆನ್ನಿಗೆ ನೀರು ಸವರಿದ.

"ಮೂಡ್ಲಯ್ಯ" ಅಂತ ಕರೆದಳು ಮುದಿ ಎರೆಹುಳು. ಒದ್ದೆ ಎಲೆಯ ಮೇಲೆ ಅವಳನ್ನು ಮಲಗಿಸಿದ್ದ. "ಗುಂಡಿಯ ತಳದಲ್ಲಿ ಕೈ ಆಡಿಸು. ಏನು ಸಿಕ್ಕುತ್ತೆ?"

ಆಡಿಸಿದ. ಸಾಸಿವೆಗಿಂತ ದಪ್ಪ, ಕಾಳಿನ ಹಾಗೆ ಏನೋ ಕೈಗೆ ತಗುಲಿತು.

"ಅವು ನಮ್ಮ ಮೊಟ್ಟೆ. ಮೇಲೆ ಗಟ್ಟಿ ಚೀಲ ಇದೆ. ನಿನ್ನ ಬೂದಿ ಒಳಗೆ ಹೋಗಿಲ್ಲ. ಈ ಮಣ್ಣು ತೆಗೆದು ಹೊಸ ಮಣ್ಣು ಹಾಕಿದರೆ, ತಂಪು ಆರದ ಹಾಗೆ ನೋಡಿಕೊಂಡರೆ, ಮರಿ ಆಗ್ತವೆ. ಆದರೆ ನೀನು ನೋಡಿಕೊಳ್ತೀಯಾ?"

"ನೋಡಿಕೊಳ್ತೀನಿ."

"ಈಗ ಹಂಗಂತೀಯ. ನಾಳೆ ಈ ಕಪ್ಪೆ ಸಾಯುತ್ತೆ. ನೀನು ಮೊಣಕಾಲಿಗೆ ತಲೆ ಕೊಟ್ಟು ಕೂತುಬಿಡ್ತೀಯ. ಯಾರಿಗೋಸ್ಕರ ಏಳ್ತೀಯ? ನೀನು ಏಳದೇ ಇದ್ದರೆ ಗುಂಡಿ ಒಣಗುತ್ತೆ. ನನ್ನ ಮಕ್ಕಳು ಮೊಟ್ಟೆಯಲ್ಲೇ ಸಾಯ್ತವೆ."

ಮೂಡ್ಲಯ್ಯ ಇಲ್ಲ ಅನ್ನಲಿಲ್ಲ. ಸುಳ್ಳು ಹೇಳಲು ಬರುತ್ತಿರಲಿಲ್ಲವಲ್ಲ.

"ಅದಕ್ಕೇ ಈ ಕಪ್ಪೆ ಬದುಕಬೇಕು" ಅಂದಳು ಎರೆಹುಳು. "ನನ್ನನ್ನ ಅದರ ಮುಂದೆ ಇಡು."

"ಆಗಲ್ಲ ತಾಯಿ."

"ನನ್ನ ಮೈ ಬೆಂದಿದೆ. ಬೆಳಿಗ್ಗೆ ಹೊತ್ತಿಗೆ ನಾನು ಅಲ್ಲಾಡಲ್ಲ. ಆಮೇಲೆ ಅದಕ್ಕೆ ಕಾಣಲ್ಲ. ಇಡೋದಾದರೆ ಈಗಲೇ ಇಡು."

ಗಾಳಿ ಹೊಂಗೆ ಮರದಿಂದ ಇಳಿದು ಬಂತು. ಮೂಡ್ಲಯ್ಯನ ಬೆನ್ನ ಹಿಂದೆ ನಿಂತಿತು.

ಮೂಡ್ಲಯ್ಯ ಅವಳನ್ನು ಅಂಗೈಯಲ್ಲಿ ಎತ್ತಿಕೊಂಡ. ಕಪ್ಪೆಯ ಮುಂದೆ ಇಟ್ಟ. ಅವಳು ಮೆಲ್ಲಗೆ ಅಲ್ಲಾಡಿದಳು.

ಕಪ್ಪೆ ನೋಡಿತು. ಬಾಯಿ ತೆರೆಯಲಿಲ್ಲ.

"ನಾನು ತಿನ್ನಲ್ಲ" ಅಂದಿತು. ದನಿ ಕೇಳಿದರೆ ಕೇಳಿತು ಅನ್ನುವ ಹಾಗಿತ್ತು. "ಅವರೆಲ್ಲ ಯಾರೋ, ತಿಂದೆ. ನೀನು ದೊಡ್ಡವ್ವ. ನಿನ್ನ ಮುಖ ನೋಡ್ತಾ ಹೆಂಗೆ ನುಂಗಲಿ?"

"ನನಗೆ ಮುಖ ಎಲ್ಲಿದೆಯೋ ಹುಚ್ಚಪ್ಪ."

"ಇದೆ. ನಂಗೆ ಕಾಣುತ್ತೆ."

"ಹಂಗಾದರೆ ನೋಡಬೇಡ."

"ನೋಡದೇ ಇರೋಕೆ ನಂಗೆ ಬರಲ್ಲ. ನನ್ನ ಕಣ್ಣು ಮುಚ್ಚಲ್ಲ."

ಎರೆಹುಳು ಕಪ್ಪೆಯ ಕಾಲಿನ ಹತ್ತಿರಕ್ಕೆ ಸರಿದಳು. ಅವಳಿಗೆ ಅಷ್ಟೇ ಶಕ್ತಿ ಇತ್ತು. "ನಾನು ಹುಟ್ಟಿದಾಗಿಂದ ಕಣ್ಣಿಲ್ಲದೇ ಇದ್ದೀನಿ. ಕಷ್ಟ ಇಲ್ಲ. ಕಣ್ಣನ್ನ ಹೊರಗೆ ಬಿಡಬೇಡ. ಒಳಕ್ಕೆ ಎಳಕೋ. ನೆಲದೊಳಕ್ಕೆ ಇಳಿಯೋ ಹಾಗೆ ಕೆಳಕ್ಕೆ ಎಳಕೋ. ಅಲ್ಲಿ ಕತ್ತಲೆ ಇರುತ್ತೆ. ಕತ್ತಲೆ ತಂಪಾಗಿರುತ್ತೆ."

ಕಪ್ಪೆ ಬಾಯಿ ತೆರೆಯಿತು. ಅವಳನ್ನು ತೆಗೆದುಕೊಂಡಿತು. ಗಬಕ್ಕನೆ ಅಲ್ಲ, ಮೆಲ್ಲಗೆ.

ಆಮೇಲೆ ಎರಡು ಕಣ್ಣನ್ನೂ ಒಳಕ್ಕೆ ಎಳೆದುಕೊಂಡಿತು. ಉಬ್ಬಿದ್ದ ಕಣ್ಣು ತಲೆಯೊಳಕ್ಕೆ ಇಳಿದವು. ಇಳಿದು ಅವಳನ್ನು ಒತ್ತಿದವು. ಒತ್ತಿ ಗಂಟಲ ಒಳಗೆ ಸೇರಿಸಿದವು. ಅಷ್ಟು ಹೊತ್ತು ಕಪ್ಪೆ ಏನೂ ನೋಡಲಿಲ್ಲ. ಲೋಕದಲ್ಲಿ ಕಪ್ಪೆಯೊಂದು ಕಣ್ಣು ಮುಚ್ಚಿದ್ದು ಅದೇ ಮೊದಲು.

ಕಣ್ಣು ತೆರೆದಾಗ ಎದುರಿಗೆ ಮೂಡ್ಲಯ್ಯ ಇದ್ದ.

"ಅಯ್ಯಾ" ಅಂದಿತು ಕಪ್ಪೆ. ದನಿ ಬಂದಿತ್ತು. "ಅವ್ವನ ಮಾತು ಹೇಳಲಾ?"

ಮೂಡ್ಲಯ್ಯ ಎದ್ದ.

"ಈಗ ಬೇಡ" ಅಂದ. "ಮೊದಲು ಮಣ್ಣು ತರ್ತೀನಿ."

ಪುಟ್ಟಿ ಎತ್ತಿಕೊಂಡು ಹೊರಟ. ಬೂದಿಯ ಮಣ್ಣನ್ನು ತೋಡಿ ದೂರ ಹಾಕಿದ. ಹೊಂಗೆಯ ನೆರಳಿನ ಮಣ್ಣು ತಂದು ತುಂಬಿದ. ಮೊಟ್ಟೆಗಳನ್ನು ಒಂದೊಂದಾಗಿ ಆರಿಸಿ ಅದರಲ್ಲಿ ಇಟ್ಟ. ಗೋಣಿಯನ್ನು ಒದ್ದೆ ಮಾಡಿ ಹೊದಿಸಿದ. ಲಕ್ಕಕ್ಕ ನೀರು ಹೊತ್ತು ತಂದಳು.

ಮೊಟ್ಟೆ ಒಡೆದು ದಾರದಷ್ಟು ಸಣ್ಣ ಮರಿ ಬಂದವು. ಸಂಜೆ ಸಂಜೆ ಕಪ್ಪೆ ಅವ್ವನ ಮಾತು ಒಂದೊಂದೇ ಹೇಳಿತು. ಆಮೇಲೆ ಮಳೆ ಬಂತು. ಕಪ್ಪೆ ಕೆರೆಗೆ ಹೋಗಿ ಸಂಸಾರ ಮಾಡಿತು. ತನ್ನ ಮರಿಗಳಿಗೆ ಈಜು ಹೇಳಿಕೊಟ್ಟಿತು, ನೆಗೆಯುವುದು ಹೇಳಿಕೊಟ್ಟಿತು. ತಿನ್ನುವುದನ್ನು ಹೇಳಿಕೊಡುವಾಗ ಮಾತ್ರ ನಿಧಾನ ಮಾಡಿತು. ತಿನ್ನಿ, ತಿನ್ನದೆ ಬದುಕಿಲ್ಲ, ಆದರೆ ಆ ಹೊತ್ತು ಕಣ್ಣು ಒಳಗಿರಲಿ ಅಂತ ಹೇಳಿತು.

ಕಪ್ಪೆಗಳ ಮಾತು ಆಮೇಲೆ ನಮಗೆ ತಿಳಿಯದ ಹಾಗಾಯಿತು. ಆದರೆ ಇವತ್ತಿಗೂ ನೀನು ಹತ್ತಿರ ಕೂತು ನೋಡು ತಾಯಿ, ಕಪ್ಪೆಯ ಬಾಯಿಗೆ ಎರೆಹುಳು ಹೋದ ಕೂಡಲೆ ಅದರ ಎರಡು ಕಣ್ಣೂ ತಲೆಯೊಳಕ್ಕೆ ಇಳಿಯುತ್ತವೆ, ಹುಳು ಹೊಟ್ಟೆ ಸೇರಿದ ಮೇಲೆಯೇ ಅವು ಮತ್ತೆ ಮೇಲಕ್ಕೆ ಬರುತ್ತವೆ.